ಮೋಟರ್ ತಿರುಗುತ್ತಿದ್ದರೂ ಡ್ರೋನ್ ಬೀಳುವುದೇಕೆ?

ಪುಣೆಯ ನನ್ನ ಕಾರ್ಯಾಗಾರಕ್ಕೆ ವಿಮಾನದಂತೆ ರೆಕ್ಕೆಯಿರುವ ಡ್ರೋನ್‌ಗಳನ್ನು ಮುರಿದುಕೊಂಡು ಹೊತ್ತು ತರುವವರಲ್ಲಿ ಹೆಚ್ಚಿನವರು ಮೊದಲು ದೂರುವುದು ಮೋಟರನ್ನು. ಸ್ಟಾಲ್ ಆಗಿದೆ ಎಂದು ನಾನು ಹೇಳಿದರೆ, ‘ಥ್ರಾಟಲ್ (ಮೋಟರಿನ ಶಕ್ತಿ) ಪೂರ್ತಿ ಕೊಟ್ಟಿದ್ದೆನಲ್ಲ ಸರ್’ ಎನ್ನುತ್ತಾರೆ. ಸ್ಟಾಲ್ ಆಗುವುದು ಮೋಟರ್ ಅಲ್ಲ, ರೆಕ್ಕೆ. ಎದುರುಗಾಳಿಗೂ ರೆಕ್ಕೆಗೂ ನಡುವಿನ ಕೋನ, ಅಂದರೆ ಆಂಗಲ್ ಆಫ್ ಅಟ್ಯಾಕ್, ಮಿತಿ ದಾಟಿದಾಗ ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಬಂದು ಸುಳಿಯಾಗುತ್ತದೆ, ಎತ್ತುಬಲ ಕುಸಿಯುತ್ತದೆ; ಇದೇ ಸ್ಟಾಲ್. ಈ ಮಿತಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಸಣ್ಣ ರೆಕ್ಕೆಗಳಲ್ಲಿ ಅದಕ್ಕಿಂತ ಕಡಿಮೆಯೂ ಇರಬಹುದು.

ನೇರ ಹಾರಾಟದಲ್ಲಿ ಸುರಕ್ಷಿತವಾದ ವೇಗ ತಿರುವಿನಲ್ಲೂ ಸಾಕು ಎಂಬ ನಂಬಿಕೆಯನ್ನು ಬಿಡಿಸುವುದೇ ನನಗೆ ಕಷ್ಟವಾಗಿದೆ. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗುವಾಗ ರೆಕ್ಕೆ ಡ್ರೋನ್‌ನ ತೂಕದ ಎರಡು ಪಟ್ಟನ್ನು ಹೊರಬೇಕಾಗುತ್ತದೆ. ಹೀಗಾಗಿ ನೇರ ಹಾರಾಟದಲ್ಲಿ ಸೆಕೆಂಡಿಗೆ 10 ಮೀಟರ್‌ಗೆ ಸ್ಟಾಲ್ ಆಗುವ ಡ್ರೋನ್ ಈ ತಿರುವಿನಲ್ಲಿ 14 ಮೀಟರ್ ವೇಗದಲ್ಲೇ ಸ್ಟಾಲ್ ಆಗುತ್ತದೆ. ಬಾರಾಮತಿಯ ಕಡೆ ಕಬ್ಬಿನ ಗದ್ದೆಗಳ ಸರ್ವೆ ಮಾಡುವ ವಿಜಯಪುರದ ಹುಡುಗನೊಬ್ಬ ತಂದ ಡ್ರೋನ್‌ನ ಎಡರೆಕ್ಕೆಯ ತುದಿ ಜಜ್ಜಿಹೋಗಿ, ಥರ್ಮಾಕೋಲಿನ ಸಂದುಗಳಲ್ಲಿ ಕರಿಮಣ್ಣು ಮೆತ್ತಿಕೊಂಡಿತ್ತು. ಹಾರಾಟದ ದಾಖಲೆಯಾದ ಲಾಗ್ ತೆರೆದು ನೋಡಿದರೆ ಮೋಟರ್ ಕೊನೆಯವರೆಗೂ ತಿರುಗಿತ್ತು. ಎಡಕ್ಕೆ ಕಡಿದಾಗಿ ವಾಲಿದ್ದಾಗ ಮೂತಿಯನ್ನು ಏರಿಸಿ ಇಳಿಸುವ ಎಲಿವೇಟರ್ ಸ್ಟಿಕ್ಕನ್ನು ಪೂರ್ತಿ ಹಿಂದಕ್ಕೆ ಎಳೆಯಲಾಗಿತ್ತು, ನೆಲ ಮುಟ್ಟುವವರೆಗೂ ಅದು ಅಲ್ಲೇ ಇತ್ತು. ಮೂತಿ ಕೆಳಗಾದಾಗ ಸ್ಟಿಕ್ ಎಳೆಯಬೇಕೆನಿಸುವುದು ಸಹಜ, ಆ ಹುಡುಗನನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ; ಆದರೆ ಎಳೆದಷ್ಟೂ ಕೋನ ಹೆಚ್ಚುತ್ತದೆ, ಬೀಳುವುದು ಖಚಿತವಾಗುತ್ತದೆ. ಮೊದಲು ಸ್ಟಿಕ್ಕನ್ನು ಮುಂದಕ್ಕೆ ಬಿಟ್ಟು ಕೋನ ಇಳಿಸಬೇಕು, ರೆಕ್ಕೆ ಹಿಡಿತಕ್ಕೆ ಬಂದ ಮೇಲೆ ವಾಲಿಕೆ ಸರಿಪಡಿಸಿ, ನಂತರ ನಿಧಾನವಾಗಿ ಮೇಲೆತ್ತಬೇಕು. ಇದಕ್ಕೆ ಎತ್ತರ ಬೇಕು. ಎಷ್ಟೆಂಬುದು ಡ್ರೋನ್‌ನಿಂದ ಡ್ರೋನ್‌ಗೆ ಬದಲಾಗುವುದರಿಂದ ಒಂದೇ ಅಂಕಿ ಹೇಳಲಾರೆ.

ಬೆನ್ನುಗಾಳಿಯಲ್ಲಿ ಪರದೆಯ ಮೇಲಿನ ಜಿಪಿಎಸ್ ವೇಗ ನೋಡಿ ಥ್ರಾಟಲ್ ಇಳಿಸುವವರೂ ಇದ್ದಾರೆ. ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ. ಸೆಕೆಂಡಿಗೆ 8 ಮೀಟರ್ ಬೆನ್ನುಗಾಳಿಯಿದ್ದು ಪರದೆ 18 ತೋರಿಸಿದರೆ ರೆಕ್ಕೆಗೆ ಸಿಗುತ್ತಿರುವುದು 10 ಮಾತ್ರ. ಎದುರುಗಾಳಿಯ ವೇಗ ಅಳೆಯುವ ಪಿಟೋ ನಳಿಕೆ ಹಾಕಿಸಿಕೊಳ್ಳಿ ಎಂದು ಒತ್ತಾಯಿಸುವುದು ಇದಕ್ಕಾಗಿಯೇ.

ಡ್ರೋನ್ ನಡೆಸುವ ತಂತ್ರಾಂಶವಾದ ಆರ್ಡುಪೈಲಟ್‌ನಲ್ಲಿ ಸ್ಟಾಲ್ ತಡೆಯುವ ವ್ಯವಸ್ಥೆ ಇದೆ, ತಿರುವಿನಲ್ಲಿ ಅದು ಕನಿಷ್ಠ ವೇಗವನ್ನು ತಾನೇ ಏರಿಸುತ್ತದೆ. ಆದರೆ ನೀವೇ ಪೂರ್ತಿ ಹಾರಿಸುವ ಮ್ಯಾನುಯಲ್ ಮೋಡ್‌ನಲ್ಲಿ ಅದು ಕಾಪಾಡುವುದಿಲ್ಲ, ಉಳಿದೆಡೆಯೂ ನೀವು ತುಂಬಿದ ಕನಿಷ್ಠ ವೇಗದ ಅಂಕಿಯನ್ನೇ ನಂಬಿ ಲೆಕ್ಕ ಹಾಕುತ್ತದೆ. ದೊಡ್ಡ ಕ್ಯಾಮೆರಾ ಕೂರಿಸಿ ತೂಕ ಶೇ. 20ರಷ್ಟು ಹೆಚ್ಚಿಸಿದ್ದರೆ ಸ್ಟಾಲ್ ವೇಗ ಸುಮಾರು ಶೇ. 10ರಷ್ಟು ಏರಿರುತ್ತದೆ, ಆ ಅಂಕಿಯನ್ನೂ ಅಷ್ಟೇ ಏರಿಸಿಕೊಂಡು ಹಾರಿಸಿ.