ಡ್ರಮ್ಸ್ ಇಲ್ಲದ ಜಾಝ್: ಫ್ರೆಂಚ್ ಜಾಝ್ ಬಗ್ಗೆ ನನ್ನ ಟಿಪ್ಪಣಿ

ಫ್ರೆಂಚ್ ಜಾಝ್ ಓದಲು ಕೂತಾಗ ಇಸವಿ, ಹೆಸರು ಎಲ್ಲ ಬೇಗ ತಲೆಗೆ ಹೋದವು. ಒಂದು ಕಡೆ ಮಾತ್ರ ಎರಡು ವಾರ ಸಿಕ್ಕಿಕೊಂಡೆ. ಡ್ರಮ್ಸೇ ಇಲ್ಲದ ತಂಡದಲ್ಲಿ ಅಷ್ಟು ಓಟ ಎಲ್ಲಿಂದ ಬರುತ್ತದೆ? ನಿನ್ನೆ ರಾತ್ರಿ ಗಿಟಾರ್ ಹಿಡಿದು ಕೂತಾಗ ಅದು ಕೈಗೆ ಹತ್ತಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಬಂದ ದಾರಿ

ಜಾಝ್ ಹುಟ್ಟಿದ್ದು ಅಮೆರಿಕದ ಕಪ್ಪು ಜನರ ನಡುವೆ. ಫ್ರಾನ್ಸಿನಲ್ಲಿ ಅದರ ದಾರಿ ತೆರೆದವರಲ್ಲಿ ಸೈನಿಕರು ಮುಖ್ಯ. 1918ರಲ್ಲಿ, ಮೊದಲ ಮಹಾಯುದ್ಧದ ವೇಳೆ, ಅಮೆರಿಕದ ಕಪ್ಪು ಸೈನಿಕರ 369ನೇ ರೆಜಿಮೆಂಟಿನ ಬ್ಯಾಂಡ್ ಅಲ್ಲಿ ಊರೂರು ಸುತ್ತಿ ನುಡಿಸಿತು. ಅದರ ಮುಂದಾಳು ಜೇಮ್ಸ್ ರೀಸ್ ಯುರೋಪ್. 1925ರಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕದ ನರ್ತಕಿ ಜೋಸೆಫೀನ್ ಬೇಕರ್ ಕುಣಿದು ಊರನ್ನೇ ಗೆದ್ದರು. 1932ರಲ್ಲಿ ಅಭಿಮಾನಿಗಳು ಸೇರಿ ಹಾಟ್ ಕ್ಲಬ್ ದ ಫ್ರಾನ್ಸ್ ಕಟ್ಟಿದರು. ಫ್ರೆಂಚ್ ವಾದಕರೂ ಆಗ ಜಾಝ್ ನುಡಿಸುತ್ತಿದ್ದರು, ಆದರೆ ಹೆಚ್ಚಾಗಿ ಅಮೆರಿಕದ ಮಾದರಿಯಲ್ಲೇ.

1934ರಲ್ಲಿ ಆ ಕ್ಲಬ್ಬಿನ ಹೆಸರಲ್ಲಿ ಐದು ಜನರ ತಂಡ ಬಂತು. ಜ್ಯಾಂಗೋ ರೈನಾರ್ಟ್ ಗಿಟಾರ್, ಸ್ಟೆಫಾನ್ ಗ್ರಾಪೆಲಿ ಪಿಟೀಲು, ಹಿಂದೆ ಇನ್ನೆರಡು ಗಿಟಾರ್, ಒಂದು ಡಬಲ್ ಬೇಸ್. ಅಷ್ಟೇ. ಎಲ್ಲವೂ ತಂತಿ ವಾದ್ಯ. ಊದುವುದಿಲ್ಲ, ಬಡಿಯುವುದಿಲ್ಲ.

ಜ್ಯಾಂಗೋ 1910ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದವರು. ಮನೂಶ್ ಎಂಬ ರೋಮಾ ಸಮುದಾಯದವರು, ಗಾಡಿಯಲ್ಲೇ ಬದುಕು. ಹುಡುಗನಾಗಿದ್ದಾಗ ಪ್ಯಾರಿಸ್ಸಿನ ಕುಣಿತದ ಕೂಟಗಳಲ್ಲಿ ಅಕಾರ್ಡಿಯನ್ ನುಡಿಸುವವರ ಪಕ್ಕದಲ್ಲಿ ಬ್ಯಾಂಜೋ ಹಿಡಿದವರು. ಆ ಕೂಟಗಳ ಸಂಗೀತಕ್ಕೆ ಮ್ಯೂಸೆಟ್ ಅನ್ನುತ್ತಾರೆ. ಇವರ ಜಾಝ್‌ನಲ್ಲಿ ಕೇಳುವ ಆ ಮೈನರ್ ಸ್ವರಗಳ ವಿಷಾದದ ಛಾಯೆಗೆ ಈ ಹಿನ್ನೆಲೆಯೂ ಕಾರಣ ಅಂತ ನನಗೆ ಅನಿಸುತ್ತದೆ. 1928ರಲ್ಲಿ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಉಂಗುರದ ಬೆರಳು, ಕಿರುಬೆರಳು ಹೆಚ್ಚುಕಡಿಮೆ ಕೆಲಸಕ್ಕೆ ಬಾರದಂತಾದವು. ಆಗ ಅವರಿಗೆ 18 ವರ್ಷ. ಉಳಿದ ಎರಡು ಬೆರಳಲ್ಲಿ ಮೊದಲಿಂದ ಕಲಿತರು. ಅವರ ಸೋಲೋಗಳ ಮಿಂಚಿನ ಓಟ ಎರಡು ಬೆರಳಿನದು. ಇದನ್ನು ಓದಿದ ಮೇಲೆ ಅವರ ಧ್ವನಿಮುದ್ರಣ ಕೇಳುವಾಗ ನನ್ನ ಕಣ್ಣು ತುಂಬಿತು.

ಲಾ ಪೊಂಪ್: ನಾನು ಎಡವಿದ ಜಾಗ

ಹಿಂದಿನ ಎರಡು ಗಿಟಾರ್‌ಗಳ ಕೆಲಸಕ್ಕೆ ಲಾ ಪೊಂಪ್ ಅಂತ ಹೆಸರು. ಪೊಂಪ್ ಅಂದರೆ ಪಂಪು. ಡ್ರಮ್ಸ್ ಮಾಡಬೇಕಾದ್ದನ್ನು ಇದೇ ಮಾಡುತ್ತದೆ. ನಾಲ್ಕು ಎಣಿಕೆಯ ತಾಳ, ನಾಲ್ಕಕ್ಕೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಕೇಳಲು ಸುಲಭ, ಅಲ್ವಾ? ನಾನು ಮೂರು ಕಡೆ ತಪ್ಪಿದೆ.

ಮೊದಲನೆಯದು, ಒತ್ತು. ಭಜನೆಗೆ ಚಪ್ಪಾಳೆ ತಟ್ಟಿ, ತೊಡೆಯ ಮೇಲೆ ಆದಿತಾಳ ಹಾಕಿ ಬೆಳೆದ ಕೈ ನನ್ನದು. ಮೊದಲ ಪೆಟ್ಟೇ ದೊಡ್ಡದು ಅಂತ ಮೈಗೆ ಗೊತ್ತು. ಇಲ್ಲಿ ಹಾಗಲ್ಲ. 1 ಮತ್ತು 3ಕ್ಕೆ ದಪ್ಪ ತಂತಿಗಳ ಮೇಲೆ ಮೆತ್ತಗೆ. 2 ಮತ್ತು 4ಕ್ಕೆ ಎಲ್ಲ ತಂತಿಗಳ ಮೇಲೂ ಚುರುಕಾಗಿ. ಬಾಯಲ್ಲಿ ಹೇಳಿದರೆ "ದುಂ ಚಕ್ ದುಂ ಚಕ್". ತೂಕ "ಚಕ್" ಮೇಲಿದೆ.

ಎರಡನೆಯದು, ಆ "ಚಕ್" ಮೊಟಕಾಗುವುದು ಹೇಗೆ? ಬಲಗೈಯಿಂದ ತಂತಿ ಮುಚ್ಚಬೇಕು ಅಂದುಕೊಂಡಿದ್ದೆ. ಅಲ್ಲ. ಎಡಗೈಯ ಹಿಡಿತ ಸಡಿಲಿಸಬೇಕು. ಬೆರಳು ತಂತಿಯನ್ನು ಬಿಡಬಾರದು, ಒತ್ತಡ ಮಾತ್ರ ಬಿಡಬೇಕು. ಆಗ ನಾದ ತಟ್ಟನೆ ನಿಲ್ಲುತ್ತದೆ. ಈ ಮೌನವೇ ಓಟ ಕೊಡುವುದು. ನಾದ ಎಳೆದರೆ ಎಲ್ಲ ಕಲಸಿಹೋಗುತ್ತದೆ.

ಮೂರನೆಯದೇ ನನ್ನನ್ನು ಜಾಸ್ತಿ ಕಾಡಿದ್ದು. ಸಿನಿಮಾ ಹಾಡಿಗೆ ನುಡಿಸುವ ಹಾಗೆ ಒಂದು ಕೆಳಗೆ, ಒಂದು ಮೇಲೆ ಅಂತ ಬೀಸುತ್ತಿದ್ದೆ. ಹಾಗೆ ಮಾಡಿದರೆ 2 ಮತ್ತು 4 ಮೇಲ್ಮುಖವಾಗಿ, ಸಪ್ಪೆಯಾಗಿ ಬರುತ್ತವೆ. ಲಾ ಪೊಂಪ್‌ನಲ್ಲಿ ನಾಲ್ಕೂ ಪೆಟ್ಟು ಕೆಳಮುಖ. ಮೇಲ್ಮುಖದ್ದು ಲೆಕ್ಕಕ್ಕೆ ಹೊರಗಿನದು. 1 ಮತ್ತು 3 ಬೀಳುವ ಕಣ್ಣೆವೆಯಷ್ಟು ಮುಂಚೆ, ಕೈ ಮೇಲೆ ಹೋಗುತ್ತಾ ಸುಮ್ನೆ ತಂತಿ ಸವರಿಕೊಂಡು ಹೋಗುತ್ತದೆ. "ಟುದುಂ ಚಕ್, ಟುದುಂ ಚಕ್." ಆ "ಟು" ಕಿವಿಗೆ ಬೇರೆಯಾಗಿ ಕೇಳಿಸಬಾರದು. ಅದು "ದುಂ"ಗೆ ಅಂಟಿಕೊಂಡಿರಬೇಕು. ಇದನ್ನು ಬಿಟ್ಟು ನುಡಿಸುವವರೂ ಇದ್ದಾರೆ, ಹಾಗಾಗಿ ಮೊದಲು ಬರೀ "ದುಂ ಚಕ್" ಗಟ್ಟಿ ಮಾಡಿಕೊಳ್ಳಿ.

ನನ್ನನ್ನು ದಡ ಸೇರಿಸಿದ ಉಪಾಯ: ಮೆಟ್ರೊನೋಮ್ (ತಾಳಕ್ಕೆ ಟಕ್ ಟಕ್ ಅನ್ನುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಡಿ. ಆ ಟಕ್ ಸದ್ದನ್ನು 1 ಅಂತ ಎಣಿಸಬೇಡಿ, "ಚಕ್" ಅಂತ ಎಣಿಸಿ. ನಡುವಿನ ಖಾಲಿ ಜಾಗದಲ್ಲಿ "ದುಂ" ನೀವೇ ಹಾಕಿ. ಆಗ ಹಾಡಿನ ವೇಗ 120 ಆಗುತ್ತದೆ, ಒತ್ತು ತಾನಾಗಿ 2 ಮತ್ತು 4ಕ್ಕೆ ಬರುತ್ತದೆ. ಮೊದಮೊದಲು ಟಕ್ ಮತ್ತೆ 1ಕ್ಕೆ ಜಾರುತ್ತದೆ. ಗಿಟಾರ್ ಕೆಳಗಿಟ್ಟು ಬಾಯಲ್ಲೇ ಹೇಳಿಕೊಳ್ಳಿ, ಸರಿಹೋಗುತ್ತದೆ. ಆಮೇಲೆ 1937ರ "ಮೈನರ್ ಸ್ವಿಂಗ್" ಜೊತೆ ನುಡಿಸಿ. ಮುಖ್ಯವಾಗಿ ಮೂರೇ ಕಾರ್ಡ್: ಎ ಮೈನರ್, ಡಿ ಮೈನರ್, ಇ ಸೆವೆನ್.

ಯುದ್ಧ, ಆಮೇಲೆ

1939ರಲ್ಲಿ ಯುದ್ಧ ಶುರುವಾದಾಗ ತಂಡ ಲಂಡನ್‌ನಲ್ಲಿತ್ತು. ಗ್ರಾಪೆಲಿ ಅಲ್ಲೇ ಉಳಿದರು, ಜ್ಯಾಂಗೋ ಪ್ಯಾರಿಸ್‌ಗೆ ಮರಳಿದರು. ನಾಝಿಗಳು ರೋಮಾ ಜನರನ್ನು ಹುಡುಕಿ ಕೊಲ್ಲುತ್ತಿದ್ದ ಕಾಲ ಅದು. 1940ರಲ್ಲಿ ಜ್ಯಾಂಗೋ ಕಟ್ಟಿದ ಹೊಸ ತಂಡದಲ್ಲಿ ಪಿಟೀಲಿನ ಜಾಗಕ್ಕೆ ಕ್ಲಾರಿನೆಟ್ ಬಂತು, ಜೊತೆಗೆ ಡ್ರಮ್ಸ್ ಕೂಡ. ಅದೇ ವರ್ಷದ "ನುವಾಜ್" ಧ್ವನಿಮುದ್ರಣವನ್ನು "ಮೈನರ್ ಸ್ವಿಂಗ್" ಆದ ಕೂಡಲೇ ಕೇಳಿ. ಲಾ ಪೊಂಪ್ ಒಬ್ಬಂಟಿಯಾಗಿ ಎಷ್ಟು ಭಾರ ಹೊತ್ತಿತ್ತು ಅಂತ ಆಗ ಗೊತ್ತಾಗುತ್ತದೆ.

ಯುದ್ಧ ಮುಗಿದ ಮೇಲೆ ಬೀಬಾಪ್ ಎಂಬ ಹೊಸ ಬಗೆಯ ಅಮೆರಿಕದ ಜಾಝ್ ಬಂತು. 1949ರ ಪ್ಯಾರಿಸ್ ಉತ್ಸವದಲ್ಲಿ ಚಾರ್ಲಿ ಪಾರ್ಕರ್, ಮೈಲ್ಸ್ ಡೇವಿಸ್ ನುಡಿಸಿದರು. ಹಾಟ್ ಕ್ಲಬ್ಬಿನ ಇಬ್ಬರು ಮುಖ್ಯರಲ್ಲಿ ದೆಲೋನೆ ಇದನ್ನು ಅಪ್ಪಿಕೊಂಡರು, ಪನಾಸಿಯೆ ಇದು ಜಾಝೇ ಅಲ್ಲ ಎಂದು ಹಟ ಹಿಡಿದರು. ನನ್ನ ಒಲವು ದೆಲೋನೆ ಕಡೆಗೆ. ಜ್ಯಾಂಗೋ ಕೂಡ ಕೊನೆಯ ವರ್ಷಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಆ ಹೊಸ ದಾರಿಗೆ ಕಾಲಿಟ್ಟಿದ್ದರು. 1953ರಲ್ಲಿ, 43ನೇ ವಯಸ್ಸಿಗೇ ತೀರಿಕೊಂಡರು. ಗ್ರಾಪೆಲಿ 1997ರವರೆಗೆ ಬದುಕಿ ನುಡಿಸಿದರು. ನಮ್ಮ ಬೆಂಗಳೂರಿನಲ್ಲಿ ನೆಲೆಸಿರುವ ಎಲ್. ಸುಬ್ರಹ್ಮಣ್ಯಂ ಜೊತೆಗೂ ಅವರ ಒಂದು ಆಲ್ಬಂ ಇದೆ. ಗಮಕದಲ್ಲಿ ಜಾರುವ ಪಿಟೀಲು ಒಂದು, ಸ್ವಿಂಗ್‌ನಲ್ಲಿ ತೂಗುವ ಪಿಟೀಲು ಇನ್ನೊಂದು. ಈ ವಾರ ಪ್ರಾಕ್ಟೀಸ್ ಮುಗಿದ ಮೇಲೆ ದಿನಾ ಅದನ್ನೇ ಹಾಕಿಕೊಂಡು ಕೂರುತ್ತಿದ್ದೇನೆ.