ಗೊರಕಿ ಮಷೀನಿನ ಫಿಲ್ಟರ್ ತೊಳದು ಹಾಕಿದ್ರ ನಡೀತದೇನ್ರಿ?

ಪ್ರಶ್ನೆ: ನಮ್ಮ ಅಪ್ಪಾರಿಗೆ ರಾತ್ರಿ ಸಿಪ್ಯಾಪ್ ಮಷೀನ್ ಹಚ್ಚತೀವ್ರಿ. ಹಿಂದಿನ ಬಿಳಿ ಫಿಲ್ಟರ್ ಎರಡ ತಿಂಗಳದಾಗ ಕರ್ರಗ ಆಗ್ಯದ. ಸೋಪಿನ ನೀರಾಗ ತೊಳದು, ಒಣಗಿಸಿ ಮತ್ತ ಹಾಕಿದ್ರ ನಡೀತದೇನ್ರಿ ಸರ?

ಉತ್ತರ: ನಡೆಯೋದಿಲ್ಲ.

ಇಷ್ಟೇ ಬರೆದು ಪೆನ್ನು ಮುಚ್ಚಬಹುದಿತ್ತು. ಹೋದ ಸಲ ಹಾಗೇ ಮಾಡಿದ್ದೆ. ಅದಕ್ಕೆ ಬಂದ ಮರುಪ್ರಶ್ನೆಗಳು ಕೇಳಿ: ‘ಸೋಪ್ ಬ್ಯಾಡ, ಬರೇ ನೀರಾಗ ತೊಳದ್ರ?’ ‘ಬಿಸಿನೀರಾಗ ಅದ್ದಿ ತಗದ್ರ?’ ‘ಸ್ಯಾನಿಟೈಸರ್ ಹೊಡದ್ರ?’ ‘ನಾವು ತೊಳಿಯೂದಿಲ್ರಿ, ಪಂಕ್ಚರ್ ಅಂಗಡ್ಯಾಗ ಗಾಳಿ ಹೊಡಸ್ತೀವಿ, ಅದಕ್ಕೇನೂ ಆಗೂದಿಲ್ಲಲ್ರಿ?’ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು ನಾನು. ಬರೀ ‘ಇಲ್ಲ’ ಅಂದರೆ ವಿಜಯಪುರದ ಮಂದಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಯಾಕೆ ಅಂತ ಹೇಳುತ್ತೇನೆ. ಸಿಪ್ಯಾಪ್ ಅಂದರೆ ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲದಂತೆ ಮಾಸ್ಕಿನ ಮೂಲಕ ಗಾಳಿ ಒತ್ತುವ ಮಷೀನು. ಎಂಟು ವರ್ಷದಿಂದ ಅದರ ಮೂತಿ ಕಟ್ಟಿಕೊಂಡೇ ಮಲಗುತ್ತಿದ್ದೇನೆ, ಆ ಅಧಿಕಾರವೂ ಒಂದಿಷ್ಟು ಇದೆ ಅಂದುಕೊಳ್ಳಿ.

ಮೊದಲು ಒಂದು ಗೊಂದಲ ತೆಗೆಯೋಣ, ಅರ್ಧ ಜಗಳ ಅಲ್ಲೇ ಇದೆ. ಫಿಲ್ಟರ್ ಎಂಬ ಒಂದೇ ಹೆಸರಿನಲ್ಲಿ ನಾವು ಎರಡು ಬೇರೆ ಸಾಮಾನು ಕರೆಯುತ್ತೇವೆ. ಫಿಲಿಪ್ಸ್ ಡ್ರೀಮ್‌ಸ್ಟೇಷನ್‌ನಂಥ ಮಷೀನಿನಲ್ಲಿ ಹೊರಗಡೆ ಒಂದು ನೀಲಿ ಫಿಲ್ಟರ್ ಇರುತ್ತದೆ. ಅದು ತೊಳೆಯುವಂಥದ್ದೇ. ಎರಡು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು ಹಾಕಿ ತೊಳೆದು, ಸೋಪೆಲ್ಲ ಹೋಗುವಂತೆ ಜಾಲಾಡಿ, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಬೇಕು. ಆರು ತಿಂಗಳಿಗೆ ಹೊಸದು. ಅದರ ಬೆನ್ನಿಗೆ ತೆಳ್ಳಗಿನ, ತಿಳಿನೀಲಿಯ ಇನ್ನೊಂದು ಕೂಡುತ್ತದೆ. ಅದನ್ನು 30 ರಾತ್ರಿ ಆದ ಮೇಲೆ, ಹೊಲಸಾದರೆ ಇನ್ನೂ ಬೇಗ, ಬಿಸಾಕುವುದು. ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10 ಮಷೀನಿನಲ್ಲಿ ತೊಳೆಯುವ ಫಿಲ್ಟರೇ ಇಲ್ಲ, ಪಕ್ಕದ ಮುಚ್ಚಳ ತೆಗೆದರೆ ಬೆಂಕಿಪೊಟ್ಟಣದಷ್ಟು ಅಗಲದ ಬಿಳಿ ತುಂಡು ಒಂದೇ. ಅದು ತೊಳೆಯುವಂಥದ್ದಲ್ಲ, ಮತ್ತೆ ಬಳಸುವಂಥದ್ದೂ ಅಲ್ಲ ಎಂದು ಅದರ ಕೈಪಿಡಿಯಲ್ಲೇ ಅಚ್ಚಾಗಿದೆ. ನಿಮ್ಮ ಅಪ್ಪನವರದು ಬಿಳಿ ಅಂದಿದ್ದೀರಿ. ಒಬ್ಬರ ಮನೆಯ ನೀಲಿ ಫಿಲ್ಟರ್ ತೊಳೆದದ್ದು ನೋಡಿ ಇನ್ನೊಬ್ಬರು ತಮ್ಮ ಬಿಳಿಯದನ್ನೂ ತೊಳೆದರು, ಈ ರೋಗ ಹಬ್ಬಿದ್ದು ಹೀಗೆ.

(2021ರಲ್ಲಿ ಫಿಲಿಪ್ಸ್‌ನವರು ಲಕ್ಷಗಟ್ಟಲೆ ಮಷೀನು ವಾಪಸ್ ಕರೆದದ್ದು ಸ್ಪಂಜಿನ ದೆಸೆಯಿಂದಲೇ ಅಲ್ಲವೇ ಎಂದು ಕೇಳುವವರಿದ್ದಾರೆ. ಆ ಸ್ಪಂಜು ಬೇರೆ, ಮೋಟರಿನ ಸದ್ದು ತಗ್ಗಿಸಲು ಒಳಗೆ ಹಾಕಿದ್ದು. ಫಿಲ್ಟರಿಗೂ ಅದಕ್ಕೂ ಸಂಬಂಧವಿಲ್ಲ.)

ಈಗ ಅಸಲಿ ಮಾತು. ತೊಳೆದರೆ ಸರಿಹೋಗುತ್ತದೆ ಎಂಬ ಹಠದ ಬೇರು ನಮ್ಮ ಅಡುಗೆಮನೆಯ ಸಾಣಿಗಿಯಲ್ಲಿದೆ. ಜೋಳದ ಹಿಟ್ಟು ಸಾಣಿಸುವಾಗ ತೂತಿಗಿಂತ ದೊಡ್ಡದು ಮೇಲೆ ಉಳಿಯುತ್ತದೆ, ಸಣ್ಣದು ಕೆಳಗೆ ಬೀಳುತ್ತದೆ. ತೂತು ಕಟ್ಟಿದರೆ ನಾಲ್ಕು ಸಲ ಬಡಿದು, ತೊಳೆದಿಟ್ಟರೆ ಸಾಣಿಗಿ ಮೊದಲಿನ ಹಾಗೇ. ಫಿಲ್ಟರೂ ಇಂಥದೇ ಒಂದು ಸಾಣಿಗಿ, ತೂತು ಮಾತ್ರ ಸಣ್ಣವು ಎಂದು ನಾವು ತಿಳಿದಿದ್ದೇವೆ.

ಅದು ಸಾಣಿಗಿ ಅಲ್ಲವೇ ಅಲ್ಲ. ಅದರ ಎಳೆಗಳ ನಡುವಿನ ಸಂದು ಅದು ಹಿಡಿಯುವ ಧೂಳಿಗಿಂತ ಬಹಳ ದೊಡ್ಡದು. ಧೂಳಿನ ಅಳತೆಗೇ ತೂತು ಇಟ್ಟಿದ್ದರೆ ಗಾಳಿ ಎಳೆಯಲು ಮೋಟರ್ ಒದ್ದಾಡಿ ಸಾಯುತ್ತಿತ್ತು. ಸುಗ್ಗಿಯಲ್ಲಿ ಹತ್ತಿ ಹೇರಿದ ಟ್ರ್ಯಾಕ್ಟರ್ ಹೋದ ಮೇಲೆ ರಸ್ತೆ ಬದಿಯ ಜಾಲಿಕಂಟಿ ನೋಡಿದ್ದೀರಲ್ಲ? ಕೋಳಿ ನುಸುಳುವಷ್ಟು ಸಂದಿ ಇರುತ್ತದೆ, ಆದರೂ ಕಂಟಿಯ ತುಂಬ ಬಿಳಿ ಬಿಳಿ ಹತ್ತಿ. ಗಾಳಿ ಮುಳ್ಳಿನ ನಡುವೆ ಬಳುಕಿ ದಾಟಿತು, ಹತ್ತಿಗೆ ಹಾಗೆ ಬಳುಕಲು ಬರಲಿಲ್ಲ, ಸಿಕ್ಕಿಕೊಂಡಿತು. ಫಿಲ್ಟರಿನೊಳಗೆ ನಡೆಯುವುದು ಇದೇ. ಎಳೆಗಳು ಹೇಗೆ ಹರಡಿವೆ, ಎಷ್ಟು ದಪ್ಪ ಹರಡಿವೆ ಎಂಬುದರ ಮೇಲೆ ಅದರ ಕೆಲಸವೆಲ್ಲ ನಿಂತಿದೆ.

ರೆಸ್‌ಮೆಡ್‌ನ ಮಾಮೂಲಿ ಬಿಳಿ ಫಿಲ್ಟರ್ ನೇಯದೇ ಒತ್ತಿ ಮಾಡಿದ ಪಾಲಿಯೆಸ್ಟರ್ ಎಳೆಯದು. 7 ಮೈಕ್ರಾನ್ ಆಸುಪಾಸಿನ ಧೂಳಿನಲ್ಲಿ ಸರಾಸರಿ 75%ಕ್ಕಿಂತ ಹೆಚ್ಚು ತಡೆಯುತ್ತದೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಅದರ ಹತ್ತರಲ್ಲೊಂದು ಪಾಲು ಅನ್ನಿ. ಇದನ್ನು ನೀರಿಗೆ ಹಾಕಿ ಹಿಂಡಿದಿರೋ, ಎಳೆಗಳು ಗಂಟುಗಂಟಾಗಿ ಒಂದು ಕಡೆ ಸೇರುತ್ತವೆ, ಇನ್ನೊಂದು ಕಡೆ ತೆಳ್ಳಗಾಗುತ್ತದೆ. ನೇಯ್ದ ಬಟ್ಟೆಯಾಗಿದ್ದರೆ ದಾರ ತನ್ನ ಜಾಗ ಬಿಡುತ್ತಿರಲಿಲ್ಲ, ಇದಕ್ಕೆ ಆ ಹಿಡಿತವಿಲ್ಲ. ಕೌದಿಯೊಳಗಿನ ಹಳೇ ಅರಳೆ ಒಗೆದ ಮೇಲೆ ಏನಾಗುತ್ತದೆ ಎಂದು ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಗಾಳಿ ಬುದ್ಧಿವಂತ, ತೆಳ್ಳಗಿರುವ ಕಡೆಯಿಂದಲೇ ದಾಟುತ್ತದೆ, ಧೂಳನ್ನೂ ಕರೆದುಕೊಂಡು.

ಅಲರ್ಜಿ ಇದ್ದವರಿಗೆ ಕೊಡುವ ಇನ್ನೊಂದು ಬಿಳಿ ಫಿಲ್ಟರ್ ಇದೆ, ಅಕ್ರಿಲಿಕ್ ಮತ್ತು ಪಾಲಿಪ್ರೊಪಿಲೀನ್ ಎಳೆ ಬೆರೆಸಿದ್ದು. ಅದು 7–8 ಮೈಕ್ರಾನ್ ಧೂಳಿನಲ್ಲಿ 98%ಕ್ಕಿಂತ ಹೆಚ್ಚು, ಅರ್ಧ ಮೈಕ್ರಾನಿನದರಲ್ಲೂ 80%ಕ್ಕಿಂತ ಹೆಚ್ಚು ಹಿಡಿಯುತ್ತದೆ. ಅಷ್ಟು ಸಣ್ಣದು ಹೇಗೆ ಸಿಗುತ್ತದೆ? ಎಂಟನೇ ಕ್ಲಾಸಿನಲ್ಲಿ ನನ್ನ ಕೈಯಲ್ಲಿ ಪಾಠ ಕೇಳಿದವರಿಗೆ ನೆನಪಿರಬೇಕು. ಎಣ್ಣೆ ಹಚ್ಚದ ತಲೆಗೆ ಹಣಗಿ ತಿಕ್ಕಿ ಕಾಗದದ ಚೂರಿನ ಹತ್ತಿರ ಹಿಡಿದರೆ ಚೂರುಗಳು ಕುಣಿದು ಬಂದು ಅಂಟುತ್ತಿದ್ದವು. ಆ ಎಳೆಗಳಲ್ಲೂ ಅಂಥದೇ ಸ್ಥಿರ ವಿದ್ಯುತ್ತು ಇರುತ್ತದೆ. ಹಣಗಿಯದು ಕ್ಷಣದಲ್ಲಿ ಹೋಗುತ್ತದೆ, ಎಳೆಯದು ಬಹಳ ಕಾಲ ಬಾಳುತ್ತದೆ, ಆದರೆ ಸೋಪು ಅಥವಾ ಸ್ಪಿರಿಟ್ ಸೋಂಕಿತೋ, ಮುಗಿಯಿತು. ಕೊರೊನಾ ಕಾಲದಲ್ಲಿ ಎನ್-95 ಮಾಸ್ಕ್ ತೊಳೀಬೇಡಿ, ಸ್ಯಾನಿಟೈಸರ್ ಹೊಡೀಬೇಡಿ ಎಂದು ಬಡಕೊಂಡದ್ದು ಇದಕ್ಕೇ. ಆ ಮಾಸ್ಕಿನ ಎಳೆಗೆ ವಿದ್ಯುತ್ತು ತುಂಬುವ ವಿಧಾನ ಕಂಡುಹಿಡಿದ ಪೀಟರ್ ತ್ಸಾಯ್ ನಿವೃತ್ತರಾಗಿದ್ದವರು, 2020ರಲ್ಲಿ ಮತ್ತೆ ಕೆಲಸಕ್ಕೆ ಕೂತು ಮಾಸ್ಕನ್ನು ಕೆಡಿಸದೆ ಮತ್ತೆ ಬಳಸುವ ದಾರಿ ಹುಡುಕಿದರು. ಅವರು ಸೂಚಿಸಿದ್ದು ಒಣ ಶಾಖ, ಇಲ್ಲವೇ ಕೆಲ ದಿನ ಮುಟ್ಟದೆ ತೂಗುಹಾಕುವುದು. ಅದು ವೈರಾಣು ಸಾಯಲಿ ಎಂದು. ಕೂತ ಧೂಳು ಅದರಿಂದ ಎದ್ದು ಹೋಗುವುದಿಲ್ಲ, ಹಾಗಾಗಿ ‘ಬಿಸಿಲಿಗೆ ಇಟ್ಟರೆ?’ ಎಂಬ ಮುಂದಿನ ಪ್ರಶ್ನೆಗೂ ಉತ್ತರ ಕೊಟ್ಟಂತಾಯಿತು.

ತೊಳೆದ ಫಿಲ್ಟರ್ ಬೆಳ್ಳಗೆ ಕಾಣುತ್ತದೆ, ಅದೇ ಅದರ ಮೋಸ. ಕರ್ರಗಿನದು ನೋಡಿದಾಗಲಾದರೂ ಬದಲಿಸಬೇಕು ಅನ್ನಿಸುತ್ತಿತ್ತು.

ಇನ್ನು ಪಂಕ್ಚರ್ ಅಂಗಡಿ. ಇಂಡಿ ಕಡೆಯ ಒಬ್ಬ ಕಾಕಾ ತಮ್ಮ ಫಿಲ್ಟರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದರು. ‘ಟ್ರ್ಯಾಕ್ಟರ್‌ದು ಹೊಡಸಾಕ ಹೋಗಿದ್ದೆ, ಇದನ್ನೂ ಹೊಡಿಸಿನಿ ನೋಡ್ರಿ ಮಾಸ್ತರ, ಹ್ಯಾಂಗ್ ಹಾಲಿನಂಗ ಆಗೇತಿ!’ ಕಿಟಕಿಯ ಬೆಳಕಿಗೆ ಹಿಡಿದೆ. ನಡುವೆ ಜೋಳದ ಕಾಳಿನಷ್ಟು ಒಂದು ಚುಕ್ಕೆ ಬೆಳ್ಳಗೆ ಹೊಳೆಯಿತು. ನಳಿಕೆಯ ಬಾಯಿ ನೇರ ಹಿಡಿದ ಜಾಗ ಅದು. ‘ಇದೇನ್ರಿ?’ ಅಂದರು. ‘ತೂತು ಕಾಕಾ’ ಅಂದೆ. ಅವರ ಮಷೀನಿನ ಗಾಳಿಬಾಯಿಗೆ ಬೆರಳು ಹಾಕಿ ತೆಗೆದರೆ ತುದಿಗೆ ವಿಭೂತಿಯಂಥ ನುಣ್ಣನೆಯ ಎರಿಮಣ್ಣಿನ ಧೂಳು.

ಲೆಕ್ಕ ಮಾಡಿ ನೋಡಿ. ಸಿಪ್ಯಾಪ್ ಮಷೀನು ಕೊಡುವ ಒತ್ತಡ 4ರಿಂದ 20 ಸೆಂಟಿಮೀಟರ್ ನೀರಿನಷ್ಟು. ಅಂದರೆ ಹೆಚ್ಚೆಂದರೆ ಒಂದು ಗೇಣು ನೀರು. ಕಂಪ್ರೆಸರ್ ಟ್ಯಾಂಕಿನಲ್ಲಿ 100 ಪೌಂಡ್ ಗಾಳಿ ಇದೆ ಅಂದುಕೊಂಡರೆ ಅದು 7,000 ಸೆಂಟಿಮೀಟರ್ ನೀರು, ಅಂದರೆ 70 ಮೀಟರ್. ನಮ್ಮ ಗೋಲಗುಮ್ಮಟದ ಎತ್ತರವೇ ಸುಮಾರು 51 ಮೀಟರ್. ಗೇಣು ನೀರಿನ ಲೆಕ್ಕದ ಮಷೀನಿನ ಫಿಲ್ಟರಿಗೆ ಗುಮ್ಮಟ ಮುಳುಗುವ ಲೆಕ್ಕದ ಗಾಳಿ ಹೊಡೆದರೆ ಉಳಿದೀತೇ? ಟ್ರ್ಯಾಕ್ಟರಿನ ಫಿಲ್ಟರಿಗೆ ಮಡಿಕೆ ಹಾಕಿದ ಗಟ್ಟಿ ಕಾಗದ, ಸುತ್ತ ತಗಡಿನ ಜಾಳಿಗೆ ಇರುತ್ತದೆ. ಅದರ ಜಾತಿಯೇ ಬೇರೆ.

‘ಹಂಗಾರ ಫಿಲ್ಟರ್ ತಗದ ಇಟ್ರ?’ ಅಂತಲೂ ಕೇಳಿದ್ದಾರೆ. 1980ರ ಸುಮಾರಿಗೆ ಸಿಡ್ನಿಯಲ್ಲಿ ಡಾಕ್ಟರ್ ಕಾಲಿನ್ ಸಲಿವನ್ ಮೊದಲ ಸಿಪ್ಯಾಪ್ ಕಟ್ಟಿದಾಗ ಬಳಸಿದ್ದು ವ್ಯಾಕ್ಯೂಮ್ ಕ್ಲೀನರಿನ ಮೋಟರನ್ನು, ತಿರುವುಮುರುವಾಗಿ. ಕಸ ಹೀರುವ ವಂಶ ಅದರದು, ಮರೀಬೇಡಿ. ಮಾಸ್ಕಿನ ಸಣ್ಣ ತೂತುಗಳಿಂದ ಉಸಿರಿನ ಹೊಲಸು ಗಾಳಿ ಹೊರಹೋಗಲೆಂದೇ ಒಂದಿಷ್ಟು ಗಾಳಿ ಸದಾ ಸೋರುತ್ತಿರುತ್ತದೆ. ನಿಮಿಷಕ್ಕೆ 30 ಲೀಟರ್ ಹಿಡಿಯಿರಿ, ಎಂಟು ತಾಸಿಗೆ 14,400 ಲೀಟರ್. 200 ಲೀಟರಿನ ಬ್ಯಾರಲ್ಲಿನ ಲೆಕ್ಕದಲ್ಲಿ 72 ಬ್ಯಾರಲ್ ಗಾಳಿ, ದಿನಾ ರಾತ್ರಿ, ಆ ಬೆಂಕಿಪೊಟ್ಟಣದ ಮೂಲಕ. ಫಿಲ್ಟರ್ ಇಲ್ಲದಿದ್ದರೆ ಅದರಲ್ಲಿನ ಧೂಳಿನಲ್ಲಿ ಒಂದು ಪಾಲು ಮೋಟರಿಗೆ, ಒಂದು ಪಾಲು ಅಪ್ಪನವರ ಮೂಗಿಗೆ.

ಬದಲಿಸುವುದು ಯಾವಾಗ? ಏರ್‌ಸೆನ್ಸ್‌ನ ಬಿಳಿ ಫಿಲ್ಟರಿಗೆ ಆರು ತಿಂಗಳು ಕೊನೆಯ ಗಡುವು, ಅಲ್ಲಿಯವರೆಗೆ ಬಾಳುತ್ತದೆ ಎಂಬ ಭರವಸೆ ಅಲ್ಲ. ಮೊದಲೇ ಧೂಳು ಕಟ್ಟಿದರೆ, ಹರಿದರೆ, ಆಗಲೇ ಬದಲಿಸಬೇಕು. ನಮ್ಮಲ್ಲಿ ಜೋಳದ ರಾಶಿ ನಡೆಯುವಾಗ ಊರಿಗೆ ಊರೇ ಸುಂಕು, ಹೊಟ್ಟು. ಆಗ ನನ್ನದು ಎರಡು ತಿಂಗಳೂ ಬಾಳುವುದಿಲ್ಲ, ಮಳೆಗಾಲದಲ್ಲಿ ನಾಲ್ಕು ತಿಂಗಳು ತಳ್ಳುತ್ತದೆ. ನಿಮ್ಮ ಅಪ್ಪನವರದು ಎರಡು ತಿಂಗಳಿಗೆ ಕಪ್ಪಾಗಿದ್ದರೆ ಮಷೀನಿನ ತಪ್ಪಿಲ್ಲ, ಫಿಲ್ಟರ್ ತನ್ನ ಕೆಲಸ ಮಾಡಿದೆ. ನೆನಪಿಡಲು ಸುಲಭ ದಾರಿ ಹೇಳಲೇ? ಅಮಾವಾಸ್ಯೆಗೆ ಗಾಡಿಗೆ ಕಾಯಿ ಒಡೆಯುತ್ತೀರಲ್ಲ, ಅದೇ ದಿನ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿ. ನಡುವೆ ಮಷೀನಿನ ಸದ್ದು ಏರಿದರೆ ಅಮಾವಾಸ್ಯೆಯವರೆಗೆ ಕಾಯಬೇಡಿ, ಕಟ್ಟಿಕೊಂಡ ಫಿಲ್ಟರಿನಿಂದ ಅಷ್ಟೇ ಗಾಳಿ ಎಳೆಯಲು ಮೋಟರ್ ಹೆಚ್ಚು ತಿರುಗಬೇಕಾಗುತ್ತದೆ.

ಮಷೀನು ಇಡುವ ಜಾಗ ಸರಿಯಿದ್ದರೆ ಫಿಲ್ಟರ್ ಹೆಚ್ಚು ಬಾಳುತ್ತದೆ. ನೆಲದ ಮೇಲೆ, ಮಂಚದ ಕೆಳಗೆ ಇಡಬೇಡಿ, ಪರದೆಗೆ ಹತ್ತಿಸಬೇಡಿ. ತಲೆಯ ಮಟ್ಟಕ್ಕಿಂತ ಕೆಳಗಿನ ಸ್ಟೂಲು ಸಾಕು. ಬೇಸಿಗೆಯಲ್ಲಿ ಕೂಲರಿನ ಎದುರಿಗೆ ಇಟ್ಟು ‘ತಂಪ ಗಾಳಿ ಬರ್ತದ’ ಎಂದು ಸಂತೋಷಪಡುವವರನ್ನು ಕಂಡಿದ್ದೇನೆ, ಬರುವುದು ತುಂತುರು, ಫಿಲ್ಟರ್ ಒದ್ದೆ. ಊದಿನಕಡ್ಡಿ, ಸೊಳ್ಳೆಬತ್ತಿ ಆ ಕೋಣೆಯಲ್ಲಿ ಬೇಡವೇ ಬೇಡ. ಅವುಗಳ ಹೊಗೆಯ ಕಣ ಹೆಚ್ಚಿನವು ಒಂದು ಮೈಕ್ರಾನಿಗಿಂತ ಸಣ್ಣವು, ವಾಸನೆಯಂತೂ ಅನಿಲ, ಅದನ್ನು ಈ ಯಾವ ಫಿಲ್ಟರೂ ತಡೆಯುವುದಿಲ್ಲ.

ಫಿಲ್ಟರ್ ಅಂದಕೂಡಲೇ ನೆನಪಾಯಿತು, ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಮಷೀನಿನ ಹ್ಯುಮಿಡಿಫೈಯರಿಗೆ, ಅಂದರೆ ಗಾಳಿಗೆ ತೇವ ಕೊಡುವ ನೀರಿನ ಡಬ್ಬಿಗೆ, ‘ಫಿಲ್ಟರ್ ನೀರೇ ಹಾಕತೀವ್ರಿ’ ಎಂದು ಹೆಮ್ಮೆಯಿಂದ ಹೇಳುತ್ತೀರಿ. ಆ ನೀರು ಕುಡಿಯಲು ಸರಿ. ಅದರಲ್ಲೂ ಲವಣ ಉಳಿದಿರುತ್ತದೆ. ಇನ್ನು ಬೋರಿನ ನೀರು ಹಾಕಿದರಂತೂ ಡಬ್ಬಿಯ ತಳದಲ್ಲಿ ವಾರದೊಳಗೆ ಸುಣ್ಣ ಬಳಿದ ಹಾಗೆ ಪೊರೆ. ಕಾಯಿಸಿ ಆರಿಸಿ ಹಾಕಿದರೆ ಕ್ರಿಮಿ ಸಾಯುತ್ತವೆ, ಲವಣ ಎಲ್ಲಿಗೆ ಹೋಗುತ್ತದೆ? ಕೈಪಿಡಿ ಹೇಳುವುದು ಡಿಸ್ಟಿಲ್ಡ್ ನೀರು. ಮೆಡಿಕಲ್ ಅಂಗಡಿಯಲ್ಲಿ ಸೀಲ್ ಇದ್ದದ್ದು ಕೇಳಿ ತನ್ನಿ. ಬ್ಯಾಟರಿ ಅಂಗಡಿಯ ಕ್ಯಾನಿನಿಂದ ಬಿಡಿಯಾಗಿ ಹೊಯ್ಸಿಕೊಂಡು ಬರಬೇಡಿ, ಅದೇ ಅಂಗಡಿಯಲ್ಲಿ ಆ್ಯಸಿಡ್ ಕ್ಯಾನೂ ಇರುತ್ತದೆ. ಬೆಳಿಗ್ಗೆ ಉಳಿದ ನೀರು ಚೆಲ್ಲಿ ಡಬ್ಬಿ ಒಣಗಲು ಬಿಡಿ, ರಾತ್ರಿ ಹೊಸ ನೀರು. ಡಿಸ್ಟಿಲ್ಡ್ ಸಿಗದ ದಿನ ಮೂಗು ಒಣಗುವುದಿಲ್ಲವಾದರೆ ಹ್ಯುಮಿಡಿಫೈಯರ್ ಬಂದ್ ಮಾಡಿ ಮಲಗಲು ಅಡ್ಡಿಯಿಲ್ಲ. ಕರೆಂಟು ಹೋದ ರಾತ್ರಿ ಇನ್ವರ್ಟರೂ ಹೆಚ್ಚು ಹೊತ್ತು ಎಳೆಯುತ್ತದೆ, ನೀರು ಕಾಯಿಸುವುದಕ್ಕೇ ಹೆಚ್ಚು ಕರೆಂಟು ಹೋಗುವುದು.

ಮತ್ತೆ, ಆ ಕರ್ರಗಿನ ಫಿಲ್ಟರಿನ ಫೋಟೊ ವಾಟ್ಸಾಪಿಗೆ ಕಳಿಸಿ ‘ಇದ ಇನ್ನೊಂದ ತಿಂಗಳ ನಡೀತದೇನ್ರಿ’ ಅಂತ ಕೇಳಬೇಡಿ. ಫೋಟೊ ತೆಗೆಯುವಷ್ಟು ಕಪ್ಪಾಗಿದ್ದರೆ ಬದಲಿಸಿ.