ಮನೆಯ ಲಾಗರ್‌ಗೆ ಬೆಣ್ಣೆ ವಾಸನೆ ಬರುವುದು ಯಾಕೆ?

ಮನೆಯಲ್ಲಿ ಲಾಗರ್, ಅಂದರೆ ತಣ್ಣಗಿಟ್ಟು ನಿಧಾನವಾಗಿ ಹುದುಗಿಸುವ ಬಿಯರ್, ಮಾಡಿದವರು ರುಚಿ ನೋಡಿ ಅಂತ ಬಾಟಲಿ ಕೊಟ್ಟರೆ ನಾನು ಮೊದಲು ಹುಡುಕುವುದು ಬೆಣ್ಣೆ ವಾಸನೆಯನ್ನು. ತುಂಬಾ ಸಲ ಸಿಕ್ಕೇ ಸಿಗುತ್ತದೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸರಿ ಇರಲಿಲ್ವಾ ಅಂತ ಕೇಳುತ್ತಾರೆ. ಮಾಲ್ಟ್ ಪಾಪ, ಏನೂ ಮಾಡಿರುವುದಿಲ್ಲ. ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ಬಾಟಲಿಗೆ ಹಾಕಿದ್ದಾರೆ, ಅಷ್ಟೇ.

ಆ ವಾಸನೆ ಡೈಅಸಿಟೈಲ್‌ನದು. ಹುದುಗುವಾಗ ಯೀಸ್ಟ್ ಆಲ್ಫಾ ಅಸಿಟೋಲ್ಯಾಕ್ಟೇಟ್ ಅನ್ನುವ ವಸ್ತುವನ್ನು ಹೊರಗೆ ಬಿಡುತ್ತದೆ, ಇದಕ್ಕೆ ವಾಸನೆ ಇಲ್ಲ, ಆದರೆ ನಿಧಾನವಾಗಿ ಡೈಅಸಿಟೈಲ್ ಆಗಿ ಬದಲಾಗುತ್ತದೆ, ಅದನ್ನು ಮತ್ತೆ ಯೀಸ್ಟೇ ಹೀರಿಕೊಂಡು ವಾಸನೆ ಇಲ್ಲದಂತೆ ಮಾಡಬೇಕು. 18–20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹುದುಗುವ ಏಲ್ ಅನ್ನುವ ಬಿಯರ್‌ನಲ್ಲಿ ಇದೆಲ್ಲ ಬೇಗ ನಡೆದುಹೋಗುತ್ತದೆ. ಲಾಗರ್ ಹುದುಗುವುದು 9–12 ಡಿಗ್ರಿಯಲ್ಲಿ. ಅಲ್ಲಿ ಎಲ್ಲವೂ ನಿಧಾನ.

ಹಾಗಾಗಿ ಮೊದಲ ಮಾತು, ಯೀಸ್ಟ್ ಜಾಸ್ತಿ ಹಾಕಿ. ಏಲ್‌ಗೆ ಹಾಕುವುದರ ಸುಮಾರು ಎರಡರಷ್ಟು. 20 ಲೀಟರ್‌ಗೆ ಒಣ ಯೀಸ್ಟ್ ಆದರೆ 11.5 ಗ್ರಾಂನ ಎರಡು ಪ್ಯಾಕೆಟ್ ಬೇಕು. ಒಂದರಲ್ಲೇ ಸುಧಾರಿಸಲು ಹೋಗಬೇಡಿ.

ಎರಡನೆಯದು, ಕೊನೆಯಲ್ಲಿ ಸ್ವಲ್ಪ ಬೆಚ್ಚಗಿಡುವುದು. ಬಿಯರ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ (ಸಕ್ಕರೆ ಕರಗಿದಂತೆ ಅಂಕಿ ಇಳಿಯುತ್ತದೆ) 1.048ರಿಂದ ಶುರುವಾಗಿ 1.018ರ ಹತ್ತಿರ ಬಂದಾಗ ತಾಪಮಾನವನ್ನು 16–18 ಡಿಗ್ರಿಗೆ ಏರಲು ಬಿಡಿ. ಎರಡು ಮೂರು ದಿನ ಹಾಗೇ ಇರಲಿ. ಮುಗಿಯಿತಾ ಅಂತ ತಿಳಿಯಲು ಕ್ಯಾಲೆಂಡರ್ ನೋಡಬೇಡಿ, ಮೂಗನ್ನು ಕೇಳಿ: ಎರಡು ಲೋಟದಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ತೆಗೆದು ಮುಚ್ಚಿ, ಒಂದನ್ನು 60 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತಣ್ಣಗೆ ಮಾಡಿ ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ಆಲ್ಫಾ ಅಸಿಟೋಲ್ಯಾಕ್ಟೇಟ್ ಇನ್ನೂ ಉಳಿದಿದೆ ಅಂತ ಅರ್ಥ, ಈಗ ಬಾಟಲಿಗೆ ಹಾಕಿದರೆ ಆಮೇಲೆ ಅಲ್ಲಿ ಹೊರಬರುತ್ತದೆ. ಎರಡರಲ್ಲೂ ಬಂದರೂ ಕಾಯಬೇಕು. ಎರಡರಲ್ಲೂ ಇಲ್ಲದಿದ್ದರೆ ಮಾತ್ರ ನಿಧಾನವಾಗಿ 1–2 ಡಿಗ್ರಿಗೆ ಇಳಿಸಿ, ನಾಲ್ಕರಿಂದ ಆರು ವಾರ ಮರೆತುಬಿಡಿ. ಇಷ್ಟು ಕಾಯಲು ಆಗಲ್ಲ ಅನ್ನುವವರು ಏಲ್ ಮಾಡಲಿ. ಅದೇನು ಕಡಿಮೆ ಬಿಯರ್ ಅಲ್ಲ.

ಕೊಳೆತ ಮೊಟ್ಟೆಯ ವಾಸನೆ ಬಂತು ಅಂತ ಪೂರ್ತಿ ಚೆಲ್ಲಿದವರೂ ಇದ್ದಾರೆ! ಲಾಗರ್ ಯೀಸ್ಟ್ ಗಂಧಕದ ವಾಸನೆ ಬಿಡುವುದು ಮಾಮೂಲು, ತಣ್ಣಗೆ ಕೂತಂತೆ ಸಾಮಾನ್ಯವಾಗಿ ಹೋಗುತ್ತದೆ. ಬೇಯಿಸಿದ ಜೋಳದ ವಾಸನೆ ಬೇರೆ. ಅದು ತಿಳಿ ಬಣ್ಣದ ಪಿಲ್ಸ್ನರ್ ಮಾಲ್ಟ್‌ನಿಂದ ಬರುತ್ತದೆ, ಯೀಸ್ಟ್ ಹಾಕುವ ಮೊದಲು ಮಾಲ್ಟ್‌ನ ರಸವನ್ನು ಮುಚ್ಚಳ ತೆಗೆದು 90 ನಿಮಿಷ ಜೋರಾಗಿ ಕುದಿಸಿ ಬೇಗ ತಣಿಸಿದರೆ ಮುಗಿಯಿತು. ಒದ್ದೆ ರಟ್ಟಿನ ವಾಸನೆಗೆ ಮಾತ್ರ ಔಷಧ ಇಲ್ಲ. ಹುದುಗಿದ ಬಿಯರ್‌ಗೆ ಗಾಳಿ ತಾಗಿದೆ, ಮುಂದಿನ ಸಲ ಬಾಟಲಿಗೆ ತುಂಬುವಾಗ ಸದ್ದಿಲ್ಲದೆ, ತಳದಿಂದ ತುಂಬಿ.

ರುಚಿ ನೋಡುವಾಗ 6–8 ಡಿಗ್ರಿ ಸಾಕು. ಐಸ್‌ನಂತೆ ತಣ್ಣಗಿದ್ದರೆ ಮೂಗಿಗೆ ಏನೂ ಸಿಗುವುದಿಲ್ಲ, ತಪ್ಪುಗಳೂ ಬಚ್ಚಿಟ್ಟುಕೊಳ್ಳುತ್ತವೆ. ಸುರಿದ ತಕ್ಷಣ ಮೂಸಿ, ಆಮೇಲೆ ಗುಟುಕರಿಸಿ. ಅರ್ಧ ಲೋಟ ಹಾಗೇ ಬಿಟ್ಟು, ಬೆಚ್ಚಗಾದ ಮೇಲೆ ಇನ್ನೊಮ್ಮೆ ಮೂಸಿ. ಬೆಣ್ಣೆ ಇದ್ದರೆ ಆಗ ಗೊತ್ತಾಗುತ್ತದೆ.